ಏನೂ ಇಲ್ಲ, ಬರೇ ಹುಲ್ಲು

ಪುಣೆಯ ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಡಾಕ್ಟರಾಗಲೇಬೇಕೆಂದು ಹಟ ಹಿಡಿದ ಮಕ್ಕಳು, ಅವರಿಗಿಂತ ಹೆಚ್ಚು ಹಟ ಹಿಡಿದ ಅವರ ತಾಯಿ-ತಂದೆ, ಕೆಳಗೆ ಒಂದರ ಮೈಮೇಲೊಂದು ನಿಲ್ಲಿಸಿದ ಸ್ಕೂಟರುಗಳು, ಇವುಗಳ ನಡುವೆ ನನ್ನ ಬದುಕು ನಡೆದಿದೆ. ಯಾವ ಪಾಠ ಕೊಟ್ಟರೂ ಕಲಿಸುತ್ತೇನೆ. ಕಪ್ಪೆಯ ಹೊಟ್ಟೆಯೊಳಗೆ ಏನೇನಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹಲಗೆಯ ಮೇಲೆ ಬಿಡಿಸಬಲ್ಲೆ. ಆದರೆ ಹುಲ್ಲುಗಾವಲಿನ ಪಾಠ ಬಂದರೆ ಮಾತ್ರ, ಈಚೆಗೆ, ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ ಜೊತೆಯ ಮಾಸ್ತರರಿಗೆ ದಾಟಿಸುತ್ತೇನೆ. ಪುಸ್ತಕದ ಆ ಪುಟದಲ್ಲಿ ಒಂದು ಚಿತ್ರವಿದೆ. ಹಚ್ಚ ಹಸಿರು ಹುಲ್ಲು, ಅದರ ಮೇಲೊಂದು ಮಿಡತೆ, ಮಿಡತೆಯ ಮೇಲೊಂದು ಹಕ್ಕಿ. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟಿನ ಬೆನ್ನಿಗೇ ಒಂದು ತರಹದ ಭಯವೂ ಬರುತ್ತದೆ. ನಾನು ಕಂಡ ಹುಲ್ಲು ವರ್ಷದ ಹೆಚ್ಚು ಕಾಲ ಹಸಿರಾಗಿ ಇರುತ್ತಲೇ ಇರಲಿಲ್ಲ.

ಆ ಹುಲ್ಲು ನನ್ನ ತಾಯಿಯ ತಂಗಿಯದು. ನಾವು ಅವಳನ್ನು ಮಾವಶಿ ಎನ್ನುತ್ತೇವೆ. ಧಾರವಾಡದ ನಮ್ಮ ಮನೆಗಳಲ್ಲಿ ಚಿಕ್ಕಮ್ಮಂದಿರು ಮಾವಶಿಯರಾದದ್ದು ನಾವು ಪುಣೆ ಕಾಣುವುದಕ್ಕಿಂತ ಎಷ್ಟೋ ಮೊದಲು. ಮದುವೆಯಾಗಿ ಈ ಕಡೆ ಬಂದವಳು ಕುರಕುಂಭದ ಒಂದು ಕಾರ್ಖಾನೆಯ ದವಾಖಾನೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದಳು. ಅಲ್ಲೇ ಸಮೀಪದ ಹಳ್ಳಿಯಲ್ಲಿ ಗಂಡನ ಪಾಲಿಗೆ ಒಂದು ಜೋಳದ ಹೊಲ, ಹೊಲದ ತಲೆಗೆ ಒಂದು ತುಂಡು ಮಡ್ಡಿ ಬಂದಿತ್ತು. ಮಡ್ಡಿ ಎಂದರೆ ಗೇಣುದ್ದ ಅಗೆದರೆ ಕಲ್ಲು ಸಿಗುವ ದಿನ್ನೆ. ಅದರ ಮೇಲೆ ಹುಲ್ಲು ಬೆಳೆಯುತ್ತಿತ್ತು, ಅಷ್ಟೇ. ಗಂಡ ತೀರಿಕೊಂಡ ಮೇಲೆ ಪುಣೆಗೆ ಬಂದುಬಿಡು ಎಂದು ನಾವೆಲ್ಲ ಕರೆದೆವು. ಬರಲಿಲ್ಲ. ಹೊಲವನ್ನು ಬೇಕಾದರೆ ಯಾರಿಗಾದರೂ ಕೊಟ್ಟಾಳು, ಮಡ್ಡಿಯನ್ನು ಮಾತ್ರ ಯಾರೂ ಮುಟ್ಟಬಾರದು, ತಾನಿರುವ ತನಕ ಅದು ಹೀಗೇ ಇರಬೇಕು ಎಂಬುದೊಂದೇ ಅವಳ ಆಸೆ. ಯಾಕೆ ಎಂದು ಕೇಳಿದರೆ ಕೇಳಿದವರ ಮುಖ ನೋಡಿ, ಚಹಾ ಇಡಲೇನು ಎಂದು ಒಳಗೆ ಹೋಗುತ್ತಿದ್ದಳು.

ಯಾಕೆ ಎಂಬುದು ನನಗೆ ಗೊತ್ತಾದದ್ದು ಹಗ್ಗ ಎಳೆಯುವ ದಿನ. ದಸರೆಯ ಹೊತ್ತಿಗೆ ಮಡ್ಡಿಯ ಹುಲ್ಲು ಬಲಿತು ಕೊಯ್ಲಿಗೆ ಬರುತ್ತಿತ್ತು. ಕುಡುಗೋಲು ಹಾಕುವ ಮೊದಲು ಒಂದು ಉದ್ದನೆಯ ಹಗ್ಗಕ್ಕೆ ಹಳೆಯ ಗೆಜ್ಜೆಗಳನ್ನು ಕಟ್ಟಿ, ಒಂದು ತುದಿ ಅವಳು, ಇನ್ನೊಂದು ತುದಿ ನಾನು ಹಿಡಿದು, ಹುಲ್ಲಿನ ತಲೆ ಸವರುವಂತೆ ಮೆಲ್ಲಗೆ ಎಳೆಯುತ್ತ ಹೋಗಬೇಕು. ಅದು ಅವಳ ಅತ್ತೆ ಕಲಿಸಿದ ಪದ್ಧತಿ. ಹಗ್ಗ ಮುಂದೆ ಹೋದಂತೆ ನೆಲದೊಳಗಿಂದಲೇ ಎದ್ದು ಬಂದಂತೆ ಹಕ್ಕಿಗಳು ಏಳುತ್ತಿದ್ದವು. ಲಾವಕ್ಕಿ ಭರ್ರೆಂದು ಎದ್ದು ಅಲ್ಲೇ ಮುಂದೆ ಬೀಳುತ್ತಿತ್ತು. ಕಂದು ಬಣ್ಣದ ಒಂದು ಸಣ್ಣ ಹಕ್ಕಿ ನೇರ ಮೇಲಕ್ಕೆ ಹಾರಿ, ಅಲ್ಲಿ ನಿಂತು ಹಾಡಿ, ಕಲ್ಲಿನಂತೆ ಕೆಳಗಿಳಿಯುತ್ತಿತ್ತು. ಮಾವಶಿಗೆ ಯಾವುದರ ಹೆಸರೂ ಗೊತ್ತಿರಲಿಲ್ಲ. ಸಣ್ಣದು, ದೊಡ್ಡದು, ಆ ಕಿರಿಕಿರಿಯದು, ಹೀಗೆ ಕರೆಯುತ್ತಿದ್ದಳು. ಹಕ್ಕಿ ಎದ್ದ ಜಾಗದಲ್ಲಿ ತಡವಾಗಿ ಕಟ್ಟಿದ ಗೂಡೊಂದು ಕಂಡರೆ ಪಕ್ಕದಲ್ಲಿ ಕೋಲು ನೆಟ್ಟು ಚಿಂದಿ ಕಟ್ಟಿ, ಸುತ್ತಲಿನ ಹುಲ್ಲನ್ನು ಕೊಯ್ಯದೆ ಬಿಡುವುದು. ಕೊಯ್ಲು ಮುಗಿದ ಮೇಲೆ ಮಡ್ಡಿ ಅಲ್ಲಲ್ಲಿ ಜುಟ್ಟು ಬಿಟ್ಟ ಹುಡುಗನ ತಲೆಯ ಹಾಗೆ ಕಾಣುತ್ತಿತ್ತು. ಅವಳು ಕೈ ಸೊಂಟದ ಮೇಲಿಟ್ಟುಕೊಂಡು ಅದನ್ನು ನೋಡುತ್ತ ನಿಲ್ಲುತ್ತಿದ್ದ ಪರಿ ನೋಡಿದರೆ, ಹೆತ್ತ ಮಕ್ಕಳನ್ನೂ ಯಾರೂ ಹಾಗೆ ನೋಡುವುದಿಲ್ಲ ಅನಿಸುತ್ತಿತ್ತು.

ಆಮೇಲೆ ಒಂದು ವರ್ಷ ಸರಕಾರದ ಯೋಜನೆ ಬಂತು. ಹೆಸರು ಬೇಡ. ಇಂಥವು ಬರುತ್ತವೆ, ಹೋಗಿ ಹೆಸರು ಬದಲಿಸಿಕೊಂಡು ಮತ್ತೆ ಬರುತ್ತವೆ. ಅದರ ತಿರುಳು ನನಗೂ ಹಿಡಿಸಿತ್ತು. ನಾಡಿಗೆ ಅನ್ನ ಬೇಕು, ಹಾಗೆಂದು ಇರುವ ನೆಲವನ್ನೆಲ್ಲ ಹಿಂಡಿ ಹಿಪ್ಪೆ ಮಾಡುವುದೂ ಸಲ್ಲದು. ಆದ್ದರಿಂದ ಹೊಲಕ್ಕೆ ನೀರಿನ ಅನುಕೂಲ ಮಾಡಿಕೊಂಡು ಹೆಚ್ಚು ಬೆಳೆಯಿರಿ, ಅದಕ್ಕೆ ಸರಿದೂಗುವಂತೆ ಒಂದಿಷ್ಟು ನೆಲವನ್ನು ಪ್ರಕೃತಿಗೆ ಬಿಡಿ, ಹಾಗೆ ಬಿಟ್ಟ ನೆಲವನ್ನು ನಾವು ಕಾಯುತ್ತೇವೆ ಎಂದಿತ್ತು ಯೋಜನೆ. ಇದರಲ್ಲಿ ತಪ್ಪೇನಿದೆ? ಇವತ್ತು ಕೇಳಿದರೂ ತಪ್ಪಿಲ್ಲ ಎಂದೇ ಹೇಳಬೇಕಾಗುತ್ತದೆ. ನನ್ನ ಸಂಕಟ ಇರುವುದೂ ಅಲ್ಲೇ.

ಮಾವಶಿ ತಾನಾಗಿಯೇ ಹೋಗಿ ಮಡ್ಡಿಯನ್ನು ಅದಕ್ಕೆ ಸೇರಿಸಿ ಬಂದಳು. ಅಕ್ಕಪಕ್ಕದವರು ಮಡ್ಡಿಗಳನ್ನು ಸಮ ಮಾಡಿ ಕಬ್ಬು ಹಚ್ಚುತ್ತಿದ್ದ ಕಾಲ ಅದು. ತನ್ನ ನಂತರ ತನ್ನದಕ್ಕೂ ಅದೇ ಗತಿ ಎಂದು ಹೆದರಿದ್ದವಳಿಗೆ ಈ ಯೋಜನೆ ದೇವರೇ ಕಳಿಸಿದ ಕಾವಲುಗಾರನ ಹಾಗೆ ಕಂಡಿತ್ತು.

ನೆಲ ನೋಡಲು ಕೃಷಿ ಖಾತೆಯ ಅಧಿಕಾರಿಣಿ ಬಂದ ದಿನ ನಾನೂ ಅಲ್ಲಿದ್ದೆ. ಜೋಳ ತೆನೆ ಹಿಡಿಯುತ್ತಿತ್ತು. ಚಿಕ್ಕ ವಯಸ್ಸಿನ, ಮರ್ಯಾದೆಯ ಹೆಣ್ಣುಮಗಳು. ಬಿಸಿಲಲ್ಲಿ ದಿನ್ನೆಯ ಬುಡಕ್ಕೆ ಬಂದು ನಿಂತು ಮರಾಠಿಯಲ್ಲಿ ಕೇಳಿದಳು, "ಮೇಲೆ ಏನಿದೆ ಮಾವಶಿ?"

ಈಗ ನಮ್ಮ ಜನದ ಒಂದು ಸ್ವಭಾವ ಹೇಳಬೇಕು. ನಾವು ನಮ್ಮದನ್ನು ನಾವೇ ಹೊಗಳುವುದಿಲ್ಲ. ಜೋಳ ಆಳೆತ್ತರ ನಿಂತಿದ್ದರೂ ಹೇಗಿದೆ ಎಂದು ಕೇಳಿದವರಿಗೆ "ಏನೋ ಅದರೀ" ಎನ್ನಬೇಕು. ಕೂಸು ದುಂಡಗೆ ಬೆಣ್ಣೆಯ ಹಾಗಿದ್ದರೆ "ಯಾಕೋ ಸೊರಗೇದ" ಎನ್ನಬೇಕು. ಯಾವುದರ ಮೇಲೆ ಜೀವ ಹೆಚ್ಚೋ ಅದರ ಬಗ್ಗೆ ಅಷ್ಟು ತಾತ್ಸಾರದಿಂದ ಮಾತಾಡಬೇಕು, ಇಲ್ಲವಾದರೆ ದೃಷ್ಟಿ ತಾಗುತ್ತದೆ. ಮಾವಶಿ ನರ್ಸ್ ಆಗಿದ್ದವಳು, ದೃಷ್ಟಿ ತೆಗೆಯಲು ಬಂದವರನ್ನು ದವಾಖಾನೆಯಿಂದ ಓಡಿಸಿದವಳು. ಆದರೂ ಮಡ್ಡಿಯ ಮಾತು ಬಂದಾಗ ಅವಳ ನಾಲಿಗೆ ಧಾರವಾಡದ ನಾಲಿಗೆಯೇ ಆಯಿತು.

"ಕಾಹೀ ನಾಹೀ," ಎಂದಳು. "ನುಸತಂ ಗವತ." ಏನೂ ಇಲ್ಲ, ಬರೇ ಹುಲ್ಲು.

"ಹಾಗಾದರೆ ಖಾಲಿ ಜಾಗ?" ಎಂದು ಅಧಿಕಾರಿಣಿ ಕೇಳಿದಳು.

ಹೌದು, ಸುಮ್ಮನೆ ಬಿದ್ದಿದೆ ಎಂದಳು ಮಾವಶಿ, ಮತ್ತು ಸಂತೋಷ ಮುಖದ ಮೇಲೆ ಕಾಣಬಾರದೆಂದು ಆ ಕಡೆ ತಿರುಗಿದಳು. ಅಧಿಕಾರಿಣಿ ಹೋದ ಮೇಲೆ ನನ್ನ ಕೈ ಹಿಡಿದು ಹೇಳಿದಳು, "ಇನ್ನ ಯಾರೂ ಅದನ್ನ ಮುಟ್ಟಂಗಿಲ್ಲ ನೋಡು. ಸರಕಾರನ ಕಾಯತದ." ಅವಳು ಅಷ್ಟು ಹಗುರಾಗಿ ನಕ್ಕದ್ದನ್ನು ನಾನು ಆಮೇಲೆ ನೋಡಿಲ್ಲ.

ಬೇಸಿಗೆಯಲ್ಲಿ ಅವಳ ಕಣ್ಣಿನ ಪೊರೆ ತೆಗೆಸಲು ಪುಣೆಗೆ ಕರೆದುಕೊಂಡು ಬಂದೆ. ಕಪ್ಪು ಕನ್ನಡಕ ಹಾಕಿಕೊಂಡು ನಮ್ಮ ಬಾಲ್ಕನಿಯಲ್ಲಿ ಕೂತು, ರಿಕ್ಷಾದವರಿಗೆಲ್ಲ ಕೂತಲ್ಲಿಂದಲೇ ಬೈಯುತ್ತ ದಿನ ಕಳೆದಳು. ಕಣ್ಣು ಚೆನ್ನಾಗಿ ಗುಣವಾಯಿತು. ಇನ್ನೇನು ಊರಿಗೆ ಹೊರಡಬೇಕು, ಅಷ್ಟರಲ್ಲಿ ಅವಳ ಹೊಲದ ನೆರೆಯವನು ಫೋನು ಮಾಡಿದ. ಒಳ್ಳೆಯವನು, ಮನೆಯ ಕೀಲಿ ಅವನ ಬಳಿಯೇ ಇತ್ತು. ಯೋಜನೆಯ ಯಂತ್ರ ಬಂದಿತ್ತು, ನೀವಿಲ್ಲವೆಂದು ಕೆಲಸ ನಿಲ್ಲಬಾರದಲ್ಲ, ನಾನೇ ಗಡಿ ತೋರಿಸಿ ಮುಂದೆ ನಿಂತು ಮಾಡಿಸಿದೆ, ಮಳೆ ಬೀಳುತ್ತಲೇ ಸಸಿ ಹಚ್ಚುತ್ತಾರೆ ಎಂದ. ಉಪಕಾರ ಮಾಡಿದ ದನಿ. ಮಾವಶಿ ಫೋನು ಕೆಳಗಿಟ್ಟು ಸುಮ್ಮನೆ ಬಟ್ಟೆ ಮಡಿಸತೊಡಗಿದಳು. ಏನಾಯಿತು ಎಂದು ನಾನು ಮೂರು ಸಲ ಕೇಳಬೇಕಾಯಿತು.

ಮರುದಿನ ಬೆಳಿಗ್ಗೆ ದೌಂಡದ ರೈಲುಗಾಡಿ ಹಿಡಿದು ಹಳ್ಳಿಗೆ ಹೋದೆವು. ಮಡ್ಡಿಯ ತುಂಬ ಹೊಂಡಗಳು. ಹಗ್ಗ ಹಿಡಿದು ಅಳೆದ ಹಾಗೆ ನೇರ ಸಾಲಿನಲ್ಲಿ, ಒಂದೊಂದರ ಪಕ್ಕ ಒಂದೊಂದು ಮಣ್ಣಿನ ಗುಡ್ಡೆ, ಗುಡ್ಡೆಯ ಕೆಳಗೆ ಒಣ ಹುಲ್ಲು. ಅವುಗಳ ನಡುವೆ ಯಂತ್ರದ ಗಾಲಿ ಉರುಳಿ ನೆಲ ಗಚ್ಚಿನ ಹಾಗೆ ಬಿಗಿದಿತ್ತು. ಕಾರ್ಖಾನೆಗಳ ಕಡೆಯ ಗಾಳಿ ಮೂಗಿಗೆ ಬಡಿಯುತ್ತಿತ್ತು. ಜೋಡಿ ಟಿಟ್ಟಿಭಗಳು, ಮಾವಶಿ ಆ ಕಿರಿಕಿರಿಯದು ಎನ್ನುತ್ತಿದ್ದ ಉದ್ದ ಕಾಲಿನ ಹಕ್ಕಿಗಳು, ತಲೆಯ ಮೇಲೆ ಸುತ್ತುತ್ತ ಚೀರುತ್ತಿದ್ದವು. ಅವು ಮೊಟ್ಟೆ ಇಡುವುದು ಬರಿ ನೆಲದ ಮೇಲೆ, ನಾಲ್ಕು ಹರಳಿನ ನಡುವೆ, ಅದೂ ಬೇಸಿಗೆಯಲ್ಲಿ.

ಮಾವಶಿ ವಾರ್ಡಿನಲ್ಲಿ ಒಂದೊಂದೇ ಮಂಚದ ಹತ್ತಿರ ಹೋಗಿ ನೋಡುವ ನರ್ಸಿನ ಹಾಗೆ ಒಂದೊಂದೇ ಹೊಂಡದ ಹತ್ತಿರ ಹೋಗಿ ಬಗ್ಗಿ ನೋಡಿದಳು. ಒಂದರ ಬಳಿ ನಿಂತಾಗ ಹಕ್ಕಿ ಅವಳ ತಲೆಗೇ ಎರಗಿತು. ನಾನು ಛತ್ರಿ ಬೀಸಲು ಹೋದೆ. ಅವಳು ಬೇಡವೆಂದು ಕೈ ಮಾಡಿದಳು. ಹಕ್ಕಿ ಮತ್ತೆ ಎರಗಿತು. ಅವಳು ತಲೆ ತಗ್ಗಿಸಲಿಲ್ಲ.

"ಬೈಯಿ," ಎಂದಳು ಮೇಲೆ ನೋಡುತ್ತ. "ಬೈಯಿ ನನಗ. ಏನೂ ಇಲ್ಲಂತ ಹೇಳಿದಾಕಿ ನಾನ."

ಅದೇ ವಾರ ಅವಳನ್ನು ಕರೆದುಕೊಂಡು ಅಧಿಕಾರಿಣಿಯ ಕಚೇರಿಗೆ ಹೋದೆ. ನನಗೆ ಸಿಟ್ಟು ಬಂದರೆ ಮರಾಠಿ ಸರಾಗವಾಗಿ ಬರುತ್ತದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಕಾಯುತ್ತೇವೆ ಎಂದು ಹೇಳಿ ಅಗೆದಿರಲ್ಲ, ಕಾಯುವುದೆಂದರೆ ಇದೇನಾ ಎಂದು ಕೇಳಿದೆ. ಆಕೆ ನಡೆದದ್ದನ್ನು ಹೇಳಿದಳು. ಬೇಸಿಗೆಯಲ್ಲಿ ಆಕಾಶದಿಂದ ತೆಗೆದ ಚಿತ್ರದಲ್ಲಿ ಮಡ್ಡಿ ಬೋಳಾಗಿ ಕಂಡಿತ್ತು, ಮಾವಶಿಯೂ ಏನಿಲ್ಲ ಎಂದಿದ್ದರು, ಏನೂ ಇಲ್ಲದ ನೆಲವನ್ನು ಕಾಯುವುದೆಂದರೆ ಅಲ್ಲಿ ಮರ ಬೆಳೆಸುವುದು ಎಂದೇ ನಾನು ತಿಳಿದೆ ಎಂದಳು. ಬೆಳೆ ಇದ್ದರೆ ಅದು ಹೊಲ, ಮರ ಇದ್ದರೆ ಅದು ಕಾಡು, ಎರಡೂ ಇಲ್ಲದ್ದು ಪಾಳು. ಬೇರೆ ಯಾವ ಹೆಸರಿನಲ್ಲಿ ಇದನ್ನು ಬರೆಯಲಿ, ನೀವೇ ಹೇಳಿ ಎಂದಳು. ಆಕೆಯ ಕಣ್ಣಲ್ಲಿ ನೀರಿತ್ತು. ನನ್ನ ಸಿಟ್ಟು ಹೋಗಿ ಕೂರಲು ಒಂದು ಜಾಗವೂ ಸಿಗಲಿಲ್ಲ. ಯಾರನ್ನಾದರೂ ಕಡು ಪಾಪಿ ಎಂದು ತೋರಿಸಲು ಆಗಿದ್ದರೆ ಎಷ್ಟು ಹಗುರವಾಗುತ್ತಿತ್ತು. ಮೇಲಿನವರಿಗೆ ಬರೆಯುತ್ತೇನೆ, ಉತ್ತರ ಬರುವ ತನಕ ಕೆಲಸ ನಿಲ್ಲಿಸಲು ಕೇಳುತ್ತೇನೆ ಎಂದಳು. ಬರೆದಳು ಕೂಡ. ಉತ್ತರಕ್ಕಿಂತ ಮೊದಲು ಮಳೆ ಬಂತು.

ಮಳೆಯ ಹಿಂದೆಯೇ ಒಂದು ಭಾನುವಾರ ಪುಣೆಯಿಂದ ಬಸ್ಸು ಮಾಡಿಕೊಂಡು ಐಟಿ ಕಂಪನಿಯ ಹುಡುಗ ಹುಡುಗಿಯರು ಸಸಿ ನೆಡಲು ಬಂದರು. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಕೈಗವಸು. ಹೊಂಡ ಮುಚ್ಚಿಸಿಯೇ ತೀರುತ್ತೇನೆ, ಒಬ್ಬರನ್ನೂ ಒಳಗೆ ಬಿಡುವುದಿಲ್ಲ ಎಂದು ಮಾವಶಿ ಬೆಳಿಗ್ಗೆಯಿಂದ ದಾರಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದಳು. ನಾವಿಬ್ಬರೂ ಕನ್ನಡದಲ್ಲಿ ಮಾತಾಡುವುದು ಕಿವಿಗೆ ಬಿದ್ದು ಒಬ್ಬ ಹುಡುಗಿ ಓಡುತ್ತ ಬಂದಳು.

"ಆಂಟಿ, ನೀವು ಕನ್ನಡದವ್ರಾ? ಸೂಪರ್. ನಮ್ದು ಮಂಡ್ಯ," ಎಂದು ಬಗ್ಗಿ ಮಾವಶಿಯ ಕಾಲು ಮುಟ್ಟಿದಳು. "ಇದು ನಿಮ್ಮ ಲ್ಯಾಂಡಾ? ಏನೂ ಇರ್ಲಿಲ್ವಂತೆ ಇಲ್ಲಿ. ನೋಡ್ತಾ ಇರಿ, ಎರಡು ವರ್ಷದಲ್ಲಿ ಫಾರೆಸ್ಟ್ ಆಗೋಗುತ್ತೆ."

"ಹಕ್ಕಿ ಇದ್ದುವವಾ ಇಲ್ಲೆ," ಎಂದಳು ಮಾವಶಿ. ಜೀವನದಲ್ಲಿ ಮೊದಲ ಬಾರಿ ತನ್ನದೊಂದು ಇತ್ತು ಎಂದು ಬೇರೆಯವರೆದುರು ಹೇಳಿದಳು. "ಭಾಳ ಇದ್ದುವು."

"ಅಯ್ಯೋ, ಗಿಡ ಬಂದ್ಮೇಲೆ ಇನ್ನೂ ಜಾಸ್ತಿ ಬರುತ್ವೆ ಆಂಟಿ. ಮರ ಇಲ್ದೆ ಪಾಪ ಎಲ್ಲಿ ಕೂತ್ಕೊಳುತ್ವೆ?"

ನಾನು ನಡುವೆ ಬಾಯಿ ಹಾಕಿ, ನೆಲದ ಮೇಲೇ ಕೂರುವ ಹಕ್ಕಿಗಳಿವೆ, ಮರ ಬಂದರೆ ಅವು ಇರುವುದಿಲ್ಲ ಎಂದು ಹೇಳಿದೆ. ಹುಡುಗಿ ಕೇಳಿದಳು. ನಿಜವಾಗಿಯೂ ಕೇಳಿದಳು, ಅವಳ ಮುಖದಲ್ಲಿ ಒಂದು ಗಳಿಗೆ ಅನುಮಾನ ಸುಳಿಯಿತು. ಅಷ್ಟರಲ್ಲಿ ಅವರ ಗುಂಪಿನವರು ಕೂಗಿದರು. ಅವಳು ಮಾವಶಿಯ ಮುಖ ನೋಡಿದಳು. ರಜೆಯ ದಿನ ನಿದ್ದೆ ಬಿಟ್ಟು ಇಷ್ಟು ದೂರ ಬಂದ ಮಕ್ಕಳು, ಕೈಯಲ್ಲಿ ಎಳೆ ಸಸಿ. ಮಾವಶಿ ಎದ್ದು ಕುರ್ಚಿ ಬದಿಗೆ ಸರಿಸಿದಳು. ಮಧ್ಯಾಹ್ನ ಅವರಿಗೆಲ್ಲ ರೊಟ್ಟಿ, ಶೇಂಗಾ ಚಟ್ನಿ ಹಾಕಿದಳು. ಅವರು ಹೋದ ಮೇಲೆ ಕಿತ್ತು ಹಾಕೋಣವೇ ಎಂದು ನಾನು ಕೇಳಿದೆ. ಹಚ್ಚಿದ ಗಿಡವನ್ನು ಕೀಳಲು ತನ್ನ ಕೈಯಿಂದ ಆಗುವುದಿಲ್ಲ ಎಂದಳು. ನನ್ನ ಕೈಯಿಂದಲೂ ಆಗಲಿಲ್ಲ.

ಗಿಡಗಳು ಚೆನ್ನಾಗಿಯೇ ಬಂದವು. ಅವಕ್ಕೆ ನೀರುಣಿಸಲು ಪೈಪು ಹಾಕಿ, ಕಾಂಕ್ರೀಟಿನ ಒಂದು ಸಣ್ಣ ಪಂಪುಮನೆ ಕಟ್ಟಿದರು. ನೀರು ಬಂದ ಮೇಲೆ ನೆರೆಯವನು ಹೊಲವನ್ನು ಪಾಲಿಗೆ ಕೇಳಿದ. ಮಡ್ಡಿ ಹೋದ ಮೇಲೆ ಮಾವಶಿಗೆ ಹೊಲದ ಮೇಲಿನ ಜೀವವೂ ಹೋಗಿತ್ತು, ಹೂಂ ಅಂದಳು. ಜೋಳ ತೆಗೆದ ಮೇಲೆ ಬೇಸಿಗೆಯಿಡೀ ಬಿಸಿಲು ಕಾಯುತ್ತ ಬಿದ್ದಿರುತ್ತಿದ್ದ ಹೊಲ ವರ್ಷವಿಡೀ ಕಬ್ಬಾಯಿತು. ಒಂದು ಕಡೆ ಬೆಳೆ, ಒಂದು ಕಡೆ ಮರ, ಯೋಜನೆ ಹೇಳಿದ್ದು ಹೇಳಿದ ಹಾಗೇ ಆಯಿತು. ನೋಡಲು ಬಂದವರು ಹೊಗಳಿದರು. ಆಕಾಶದಿಂದ ತೆಗೆದ ಚಿತ್ರದಲ್ಲಿ ಈಗ ಹಸಿರಾಗಿ ಕಾಣುತ್ತದಂತೆ.

ನಾನು ಹೋದಾಗಲೆಲ್ಲ ಆ ನೆರಳಲ್ಲಿ ಒಮ್ಮೆ ನಡೆದು ಬರುತ್ತೇನೆ, ಬೇಗ ಬರುತ್ತೇನೆ. ಮೇಲೆ ಕೊಂಬೆಗಳಲ್ಲಿ ಕಾಗೆ, ಮೈನಾ ಇವೆ, ಇಲ್ಲವೆನ್ನುವುದಿಲ್ಲ. ಆದರೆ ನೆಲದಿಂದ ಒಂದು ಸದ್ದೂ ಏಳುವುದಿಲ್ಲ. ಕಾಲಿಟ್ಟ ಕಡೆಯೆಲ್ಲ ಏನೋ ಭರ್ರೆಂದು ಏಳಬೇಕಿತ್ತು, ಏಳುವುದಿಲ್ಲ, ಮತ್ತು ಪ್ರತಿ ಹೆಜ್ಜೆಗೂ ಮೈ ಅದಕ್ಕೆ ಕಾಯುತ್ತದೆ. ಮಾವಶಿ ಮನೆಯ ಆ ಕಡೆಯ ಬಾಗಿಲು ತೆರೆಯುವುದನ್ನೇ ಬಿಟ್ಟಳು. ಪುಣೆಗೆ ಬಂದಾಗಲೂ ಒಮ್ಮೊಮ್ಮೆ ಮಾತಿನ ನಡುವೆ "ತಡಿ" ಎಂದು ಕೈಯೆತ್ತಿ ಕಿವಿಗೊಡುತ್ತಾಳೆ. ಕೆಳಗೆ ಸ್ಕೂಟರುಗಳ ಗದ್ದಲ, ಕ್ಲಾಸು ಬಿಟ್ಟ ಮಕ್ಕಳ ಕೂಗು, ಬೇರೇನೂ ಇರುವುದಿಲ್ಲ. ಮೊದಮೊದಲು ನಾನು ಏನಿಲ್ಲ ಮಾವಶಿ ಎನ್ನುತ್ತಿದ್ದೆ. ಈಗ ನಾನೂ ಮಾತು ನಿಲ್ಲಿಸಿ ಕೇಳುತ್ತ ಕೂರುತ್ತೇನೆ. ಒಮ್ಮೆ ಹಲಗೆಯ ಮೇಲೆ ಬರೆಯುತ್ತಿದ್ದಾಗ, ನಡು ಮಧ್ಯಾಹ್ನ, ನನ್ನ ಬೆನ್ನ ಹಿಂದೆಯೇ ಆ ಕಿರಿಕಿರಿಯ ಹಕ್ಕಿ ಚೀರಿತು. ತಿರುಗಿ ನೋಡಿದರೆ ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವಳು ಫೋನು ಮಾಡಿ, ಬಾ, ಬೇಗ ಬಾ ಎಂದಷ್ಟೇ ಹೇಳಿ ಇಟ್ಟಳು. ಹೋದೆ. ಟಿಟ್ಟಿಭದ ಜೋಡಿಯೊಂದು ಪಂಪುಮನೆಯ ಚಪ್ಪಟೆ ತಾರಸಿಯ ಮೇಲೆ, ಕಟ್ಟಡದ ಕೆಲಸದವರು ಬಿಟ್ಟುಹೋದ ಜಲ್ಲಿಕಲ್ಲುಗಳ ನಡುವೆ ಮೊಟ್ಟೆ ಇಟ್ಟಿತ್ತು. ಸುತ್ತಮುತ್ತ ಬೋಳು ನೆಲ ಎಂದು ಅವಕ್ಕೆ ಕಂಡದ್ದು ಅದೊಂದೇ ಇರಬೇಕು. ಮೊಟ್ಟೆ ಒಡೆದು ಮರಿಗಳು ಬಂದಿದ್ದವು. ಈ ಹಕ್ಕಿಯ ಮರಿ ಹುಟ್ಟಿದ ದಿನವೇ ನಡೆಯುತ್ತದೆ, ಹಾರಲು ಮಾತ್ರ ಬಾರದು. ತಾಯಿ ಕೆಳಗೆ ನಿಂತು ಬಾ ಬಾ ಎಂದು ಕೂಗುತ್ತಿತ್ತು. ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಒಂದು ಮರಿ ತಾಯಿಯ ಮಾತು ಕೇಳಿ ಜಿಗಿದಾಗಿತ್ತು. ಅದು ಪಂಪುಮನೆಯ ಕಟ್ಟೆಯ ಮೇಲೆ ಬಿದ್ದಿತ್ತು. ಮಾವಶಿ ಅದರ ಮೇಲೆ ಒಂದು ಎಲೆ ಮುಚ್ಚಿದ್ದಳು.

ಬೇಡವೆಂದರೂ ಕೇಳದೆ ಅವಳೇ ಏಣಿ ಹತ್ತಿದಳು. ನಾನು ಬುಡ ಹಿಡಿದು ನಿಂತೆ. ಎರಡು ಹಕ್ಕಿಗಳೂ ಅವಳ ತಲೆಯ ಸುತ್ತ ಚೀರುತ್ತ ಎರಗುತ್ತಿದ್ದವು. ಉಳಿದ ಮರಿಗಳನ್ನು ಸೆರಗಿನಲ್ಲಿ ಹಾಕಿಕೊಂಡು, ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಏಣಿ ಹಿಡಿದು ಕೆಳಗಿಳಿದಳು. ಇಳಿದವಳು ಅಲ್ಲೇ ನಿಂತಳು. ಎದುರಿಗೆ ಮರಗಳು, ಅವುಗಳ ಕೆಳಗೆ ಕಪ್ಪು ನೆರಳು. ಉಳಿದ ಮೂರು ಕಡೆ ಆಳೆತ್ತರದ ಕಬ್ಬು, ಅದರ ಬುಡದಲ್ಲಿ ನೀರು. ಅವಳು ಒಂದು ಸುತ್ತು ತಿರುಗಿ ನೋಡಿದಳು, ಮತ್ತೊಂದು ಸುತ್ತು ತಿರುಗಿದಳು. ಸೆರಗಿನೊಳಗಿಂದ ಸಣ್ಣಗೆ ಕುಯ್ ಕುಯ್ ಸದ್ದು ಬರುತ್ತಿತ್ತು.

"ಎಲ್ಲೆ ಬಿಡ್ಲಿ ಇವನ್ನ?" ಎಂದು ನನ್ನನ್ನು ಕೇಳಿದಳು.

ಕಡೆಗೆ ಕಬ್ಬಿನ ನಡುವಿನ ಗಾಡಿದಾರಿಯಲ್ಲಿ ಬಿಟ್ಟೆವು. ಬಿಸಿಲು ಬೀಳುವ ಬರಿ ನೆಲ ಅದೊಂದೇ ಇತ್ತು. ಮರಿಗಳು ಟ್ರ್ಯಾಕ್ಟರಿನ ಗಾಲಿ ಬಿದ್ದ ಗೆರೆಯಲ್ಲಿ ಹರಳುಗಳ ನಡುವೆ ಕುಕ್ಕರಿಸಿದವು, ಕೂತ ಕೂಡಲೇ ಮಣ್ಣಾಗಿ ಕಣ್ಣಿಗೆ ಕಾಣದಾದವು. ತಾಯಿ ಬಂದು ಇಳಿಯಿತು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಮಾವಶಿ ಹೋಗಿ ದಾರಿಯ ನಡುವೆ ನಿಂತಳು. ಚಾಲಕ ಹಾರ್ನ್ ಬಾರಿಸಿದ, ಸರಿಯಲಿಲ್ಲ. ಇಳಿದು ಬಂದು ಮರಾಠಿಯಲ್ಲಿ ಬೇಡಿಕೊಂಡ, ಸರಿಯಲಿಲ್ಲ. ಬಯ್ದುಕೊಳ್ಳುತ್ತ ಹಿಂದಕ್ಕೆ ತಿರುಗಿಸಿಕೊಂಡು ಹೋದ.

"ನಾಳೆ ಮತ್ತ ಬರತಾನ," ಎಂದೆ ನಾನು.

"ಬರ್ಲಿ," ಎಂದಳು.

ಮರುದಿನ ಕ್ಲಾಸಿತ್ತು, ನಾನು ಸಂಜೆಯ ಗಾಡಿಗೆ ಹೊರಟೆ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವಳು ಇನ್ನೂ ಅಲ್ಲೇ, ಗಾಲಿಯ ಗೆರೆಗಳ ನಡುವೆ ನಿಂತಿದ್ದಳು. ನನಗೆ ಕೈ ಬೀಸಲಿಲ್ಲ. ಕೆಳಗೆ ನೆಲವನ್ನೇ ನೋಡುತ್ತಿದ್ದಳು, ಹೆಜ್ಜೆ ಎತ್ತಿಡಲೂ ಹೆದರಿ.